ಕಾಲ್ ಮುಟ್ಟಿ ನೋಡಿ ಸಾರ್

ನನ್ ಕಾಲ್ನ ಯಾರೂ ಮುಟ್ಲಿಲ್ಲ. ಇದನ್ನ ಮೊದ್ಲು ಏಳ್ಬುಡ್ತೀನಿ, ಮಿಕ್ಕಿದ್ದು ಆಮೇಲೆ. ಡಾಕ್ಟ್ರುಗಳು ಬೆನ್ನು ಒತ್ತಿದ್ರು. ಸೊಂಟ ತಟ್ಟಿದ್ರು. ಮಂಡಿ ಮೇಲೆ ಚಿಕ್ ಸುತ್ತಿಗೆನಾಗೆ ಟೊಕ್ ಅನ್ಸಿದ್ರು. ಸ್ಕ್ಯಾನ್ ಫಿಲಂನ ಲೈಟ್ ಮುಂದೆ ಇಡ್ದು, ತಲೆ ಆ ಕಡೆ ಈ ಕಡೆ ವಾಲ್ಸಿ ವಾಲ್ಸಿ ನೋಡಿದ್ರು. ನೋವಿದ್ದಿದ್ದು ಎಡಗಾಲ್ ಮೀನ್ಖಂಡದಾಗೆ, ತಣ್ಗಾಗಿದ್ದು ಪಾದ. ಅದನ್ನ ಮಾತ್ರ ಒಬ್ರೂ ಮುಟ್ಲಿಲ್ಲ.

ಅದ್ಕೇ ಬರೀತಾ ಇದೀನಿ. ಕ್ವಾಪ ಇನ್ನಾ ಇಳ್ದಿಲ್ಲ, ಇಳಿಯೋ ಗಂಟ ಕಾಯೋ ತಾಳ್ಮೆನೂ ನಂಗಿಲ್ಲ. ನಿಮ್ಗೂ ನಡೆದ್ರೆ ಕಾಲ್ ಇಡ್ಕೊಂಡು, ನಿಂತ್ರೆ ಬುಟ್ಟೋಗಿ, ಮನೆಯೋರು, ಡಾಕ್ಟ್ರು, ಪಕ್ಕದ್ ಮನೆಯೋರು ಎಲ್ರೂ ಡಿಸ್ಕು ಡಿಸ್ಕು ಅಂತ ಇದ್ರೆ, ನಿಮ್ಗೆ ಉಚ್ಚು ಇಡ್ದಿಲ್ಲ, ನೀವು ನಾಟಕ ಆಡ್ತಾನೂ ಇಲ್ಲ ಅಂತ ಏಳಕ್ಕೆ ಒಬ್ಬಳಾದ್ರೂ ಇರ್ಲಿ.

ನಾನು ರೇವತಿ. ಕಡಯಂಪಟ್ಟಿ ಪಕ್ಕ ಒಂದ್ ಚಿಕ್ಕೂರು. ಮನ್ಯಾಗೆ ಕನ್ನಡ, ಇಸ್ಕೂಲ್ನಾಗೆ ತಮಿಳು. ಕನ್ನಡ ಅಕ್ಷರ ಯಾರೂ ಏಳ್ಕೊಟ್ಟಿಲ್ಲ, ಫೋನ್ನಾಗೆ ನೋಡಿ ನಾನೇ ಕಲ್ತಿದ್ದು. ನಮ್ ಮನೆ ಮಾತ್ಗೂ ಅಕ್ಷರ ಐತೆ ಅಂತ ಕಂಡಾಗ ತಟ್ಟೆ ಮುಂದಿಟ್ಕೊಂಡು ಊಟ ಮರ್ತು ಕಲ್ತೆ. ಮಾತಾಡ್ದಂಗೆ ಟೈಪ್ ಮಾಡ್ತೀನಿ. ತಪ್ಪಿದ್ರೆ ಬೈಕೊಂಡು ಓದಿ. ಡಾಕ್ಟ್ರುಗಳೆಲ್ಲಾ ಮಾತಾಡಿದ್ದು ತಮಿಳ್ನಾಗೆ, ಅದನ್ನೂ ನಮ್ ಮಾತ್ನಾಗೇ ಬರೀತೀನಿ.

ನಮ್ದು ಕೊಲುಸು ವೇಲೆ, ಅಂದ್ರೆ ಕೊಲುಸು ಮಾಡೋ ಕೆಲ್ಸ. ಕಾಲಿಗೆ ಆಕ್ಕೊಳ್ಳೋ ಬೆಳ್ಳಿ ಗೆಜ್ಜೆ ಐತಲ್ಲ, ಅದು. ಸೇಲಂ ಕಡೆಯಿಂದ ಬೆಳ್ಳಿ ಕೊಂಡಿಗಳ್ನ ತಂದ್ಕೊಡ್ತಾರೆ, ಅವ್ವ, ನಾನು, ಅಜ್ಜಿ ಮೂರ್ ಜನ ನೆಲದ್ ಮೇಲೆ ಸಕ್ಕಳಮಕ್ಕಳ ಆಕ್ಕೊಂಡು ಕೂತು ಒಂದೊಂದೇ ಸೇರ್ಸಿ ಕೊಡ್ತೀವಿ. ಬೆಳಿಗ್ಗೆ ಸಾಯಂಕಾಲ ನಾನು ಓಡ್ತಿದ್ದೆ. ಪೋಲೀಸ್ ವೇಲೆಗೆ ಸೇರ್ಬೇಕು ಅಂತ. ಅದೂ ಅಂಗೇ, ಕೋಚು ಗೀಚು ಯಾರೂ ಇಲ್ಲ. ವಿಡಿಯೋ ನೋಡ್ಕೊಂಡು, ಕೆರೆ ಏರಿ ಮೇಲೆ ಓಡೋದು. ಅಪ್ಪಂಗೆ ಇಷ್ಟ ಇರ್ಲಿಲ್ಲ, ಬೇಡ ಅಂತನೂ ಅಂದಿಲ್ಲ. ಅಪ್ಪ ಅಂಗೇ, ಮಾತು ಕಮ್ಮಿ, ಮೇಚೇರಿ ಸಂತೆಗೆ ಕುರಿ ಒಡ್ಕೊಂಡು ಓಗಿ ಬರೋ ದಿವ್ಸ ಮಾತ್ರ ಒಂದ್ ನಾಕ್ ಮಾತು ಜಾಸ್ತಿ ಆಡ್ತಾರೆ.

ಮಾವಿನ್ ಕಾಲ್ದಾಗೆ ಶುರುವಾಯ್ತು. ಏರಿ ಅರ್ಧ ಓಡೋಷ್ಟ್ರಾಗೆ ಎಡಗಾಲ್ ಮೀನ್ಖಂಡನ ಯಾರೋ ಬಟ್ಟೆ ಇಂಡ್ದಂಗೆ ಇಂಡ್ತಾರೆ. ನಿಂತೆ. ಸೊಲ್ಪ ಹೊತ್ಗೆ ಓಯ್ತು. ತಿರ್ಗ ಓಡ್ದೆ, ತಿರ್ಗ ಅದೇ. ಮಳೆ ಬರೋ ಕಾಲ್ಕೆ ಓಟ ಓಗ್ಲಿ, ಬಸ್ ಸ್ಟಾಪಿಗೆ ನಡೆಯೋದೂ ಆಗ್ಲಿಲ್ಲ. ದಾರಿನಾಗೆ ಮೋಟ್ರು ರೂಮ್ ತಾವ ನಿಲ್ತೀನಿ, ಫೋನ್ ನೋಡೋಳಂಗೆ ನಾಟಕ ಮಾಡ್ತೀನಿ, ನೋವು ಓದ್ಮೇಲೆ ನಡೀತೀನಿ. ಪಕ್ಕದ್ ಮನೆ ಚಿನ್ನಕ್ಕ ಅದನ್ನ ನೋಡ್ಬುಟ್ಟು ಅವ್ವನ್ ತಾವ ಏಳಿದ್ಳು, "ನಿನ್ ಮಗ್ಳು ಮೋಟ್ರು ರೂಮ್ ತಾವ ನಿಂತು ಯಾರ್ಗೋ ಮೆಸೇಜ್ ಮಾಡ್ತಾಳೆ."

ಅವ್ವ ಫೋನ್ ಕಿತ್ಕೊಂಡ್ಳು. "ಯಾರ್ಲೇ ಅವ್ನು?"

"ಕಾಲ್ ನೋವು ಕಣವ್ವಾ!"

"ಕಾಲ್ ನೋವಿಗೆ ಫೋನ್ ಯಾಕ್ಲೇ?"

ಎಂಗೆ ಏಳೋದು ನೀವೇ ಏಳಿ.

ಕೊನೆಗೆ ಓಮಲೂರಿಗೆ ಕರ್ಕೊಂಡೋದ್ಳು, ಎಲುಬು ಡಾಕ್ಟ್ರತ್ರ. ದೊಡ್ಡ ಬೋರ್ಡು, ಎಸ್ರು ಇಂದೆ ಅಕ್ಷರಗಳ ಸಾಲೇ ಐತೆ. ಒಳ್ಗೆ ಎಲ್ರೂ ಸೊಂಟಕ್ಕೆ ಬೆಲ್ಟ್ ಕಟ್ಕೊಂಡು ಕೂತವ್ರೆ. ಟೀ ಅಂಗ್ಡಿ ಮಾಸ್ಟ್ರಿಗೂ ಬೆಲ್ಟು, ಕುರಿ ಮೇಸೋ ಅಜ್ಜಂಗೂ ಬೆಲ್ಟು, ಇಸ್ಕೂಲ್ ಟೀಚ್ರಿಗೂ ಬೆಲ್ಟು. ಗೋಡೆ ಮೇಲೆ ಬೆನ್ನೆಲುಬಿನ ಪಟ. ಪಕ್ಕದ್ ಅಕ್ಕ ನನ್ನ ನೋಡಿ, "ಚಿಕ್ ವಯ್ಸಿಗೇ ಬಂದ್ಬುಡ್ತಾ ಪಾಪಾ?" ಅಂದ್ರು. ಇನ್ನಾ ಒಳ್ಗೇ ಓಗಿಲ್ಲ ನಾನು!

ಡಾಕ್ಟ್ರು ಕೇಳಿದ್ರು, "ಏನ್ ವೇಲೆ ಮಾಡ್ತೀಯಮ್ಮಾ?"

"ಕೊಲುಸು ವೇಲೆ ಸಾರ್. ಕೆಳ್ಗೆ ಕೂತ್ಕೊಂಡು."

"ಅದೇ!" ಅಂದ್ರು. ಪೆನ್ ತಗೊಂಡ್ರು. ಅಷ್ಟೇ. ನನ್ ಕಾಯ್ಲೆ ಅಲ್ಲೇ ಮುಗ್ದೋಯ್ತು ಅವ್ರಿಗೆ. ಬಗ್ಗಿ ಕೂತು ಕೂತು ಡಿಸ್ಕ್ ಜಾರೈತೆ, ನರಂಬು, ಅದೇ ನರ, ಒತ್ತೈತೆ ಅಂದ್ರು. ಎದ್ದು ಬಂದು ಬೆನ್ನು ಒತ್ತಿ, ಸೊಂಟ ತಟ್ಟಿ, ಮಂಡಿಗೆ ಸುತ್ತಿಗೆ ಬಡ್ದು, ತಿರ್ಗ ಕುರ್ಚಿಗೆ ಓದ್ರು.

"ಬೆನ್ನು ನೋಯಲ್ಲ ಸಾರ್."

"ಬೆನ್ನಾಗೆ ಇರೋದು ಕಾಲ್ನಾಗೆ ಕಾಣ್ತದೆ."

"ನಡೆದ್ರೆ ಬರ್ತದೆ, ನಿಂತ್ರೆ ಓಗ್ತದೆ ಸಾರ್. ಕೂತಾಗ ನೋವೇ ಇಲ್ಲ."

"ಅಂಗೇನೇ ಅದು."

ಕೇಳಿ ಇದನ್ನ. ಕೂತ್ರೆ ನೋವಿಲ್ಲ ಅಂತ ಏಳ್ತಾ ಇದೀನಿ, ಕೂತಿದ್ರಿಂದ ಬಂತು ಅಂತಾರೆ. ನಾನು ಏಳಿದ್ದೆಲ್ಲಾ ಅವ್ರ ಕಿವಿಗೆ ಓಯ್ತೋ, ಮೇಲೆ ತಿರ್ಗ್ತಾ ಇದ್ದ ಫ್ಯಾನಿಗೆ ಓಯ್ತೋ.

ಸ್ಕ್ಯಾನಿಗೆ ಸೇಲಂಗೆ ಓಗ್ಬೇಕು ಅಂದ್ರು, ಓದ್ವಿ. ಮೈ ಮೇಲೆ ಲೋಹ ಇರ್ಬಾರ್ದು ಅಂದ್ರು. ಕೊಲುಸು ಬಿಚ್ಚಿ ಅವ್ವ ಸೀರೆ ಸೆರ್ಗಿಗೆ ಗಂಟು ಆಕ್ಕೊಂಡ್ಳು. ಅದಕ್ಕಿಂತ ಮುಂಚೆ ನಮ್ ಮನ್ಯಾಗೆ ಒಂದು ನಂಬ್ಕೆ ಇತ್ತು. ಎಡಗಾಲ್ ಪಾದ ಯಾವಾಗ್ಲೂ ತಣ್ಗೆ ಇರ್ತಿತ್ತು. ಅದನ್ನ ಯಾರೂ ಕಾಯ್ಲೆ ಅನ್ಕೊಂಡೇ ಇಲ್ಲ. ಯಾಕಂದ್ರೆ ಬೆಳ್ಳಿ ತಂಪು. ಬೆಳ್ಳಿ ಕೊಲುಸು ಆಕಿದ್ರೆ ಮೈ ಸೂಡು ಇಳೀತದೆ, ಕಾಲ್ ತಣ್ಗಿರ್ತದೆ, ಒಳ್ಳೇದು ಅಂತ ನಾವೇ ಊರಿಗೆಲ್ಲಾ ಏಳ್ತೀವಿ, ವೇಲೆನೇ ಅದಲ್ವಾ ನಮ್ದು! ಅಜ್ಜಿ ನನ್ ಪಾದ ಸವ್ರಿ, "ನೋಡು, ಒಳ್ಳೆ ಬೆಳ್ಳಿ ಆದ್ರೆ ಇಂಗಿರ್ತದೆ" ಅಂತ ಮೆಚ್ಕೊಂಡಿದ್ದೂ ಐತೆ. ಬಲಗಾಲ್ನಾಗೂ ಅದೇ ಬೆಳ್ಳಿನೇ ಅಲ್ವಾ ಇದ್ದಿದ್ದು, ಅದ್ಯಾಕೆ ಬೆಚ್ಗಿತ್ತು ಅಂತ ಯಾರೂ ಕೇಳ್ಲಿಲ್ಲ.

ಸ್ಕ್ಯಾನ್ ಮುಗ್ಸಿ ಈಚ್ಗೆ ಬಂದು ಬೆಂಚಿನ್ ಮೇಲೆ ಕೂತೆ. ಅವ್ವ ಕೊಲುಸು ಆಕಕ್ಕೆ ಬಗ್ಗಿದ್ಳು. ಪಾದ ಇಡ್ದೋಳು ಅಂಗೇ ನಿಂತ್ಬುಟ್ಳು.

"ಲೇ ರೇವತೀ. ಬೆಳ್ಳಿ ಇಲ್ದೇನೂ ತಣ್ಗೈತಲ್ಲೇ."

ಅಲ್ಲಿದ್ದ ಅಟೆಂಡರು, "ಒಳ್ಗೆ ಏಸಿಮ್ಮಾ, ಅದ್ಕೆ" ಅಂದ.

ಅವ್ವ ನನ್ ಬಲಗಾಲ್ ಇಡ್ದು ನೋಡಿದ್ಳು. "ಈ ಕಾಲು ಬೆಚ್ಗೈತಲ್ಲಪ್ಪಾ. ಇದು ಏಸಿಗೆ ಓಗಿರ್ಲಿಲ್ವಾ?"

ಅವ್ನು ನಗ್ತಾ ಓದ. ನಾನೂ ನಕ್ಬುಟ್ಟೆ. ಅವ್ವ ನಗ್ಲಿಲ್ಲ.

ತಿರ್ಗ ಓಮಲೂರು. ರಿಪೋರ್ಟಿನಾಗೆ ಸೊಂಟದ್ ತಾವ ಒಂದ್ ಡಿಸ್ಕು ಸೊಲ್ಪ ಉಬ್ಬೈತೆ ಅಂತ ಬಂದಿತ್ತು. ಡಾಕ್ಟ್ರ ಮೊಕ ನೋಡ್ಬೇಕಿತ್ತು ನೀವು, ಲಾಟ್ರಿ ಒಡ್ದಂಗೆ. ಅವ್ವ ಏಳಿದ್ಳು, "ಸಾರ್, ಪಾದ ತಣ್ಗೈತೆ, ಒಂದೇ ಕಾಲು."

"ಬೆಳ್ಳಿ ಆಕವ್ಳಲ್ಲಮ್ಮಾ, ತಂಪಿರ್ತದೆ."

"ಬಿಚ್ಚಿ ನೋಡಿದ್ವಿ ಸಾರ್."

"ನರಂಬು ಒತ್ತಿದ್ರೆ ಅಂಗೂ ಆಗ್ತದೆ."

ಆ ನರಂಬು ಒಂದ್ ಸಿಕ್ಬುಡ್ತು ಎಲ್ಲಾದ್ಕೂ! ತಣ್ಗಾದ್ರೆ ನರಂಬು, ಜೋಮು ಇಡ್ದ್ರೆ ನರಂಬು, ಮೀನ್ಖಂಡ ಸಣ್ಣಾದ್ರೆ ನರಂಬು. ನನ್ ಪಾದ ಅವ್ರ ಟೇಬಲ್ಲಿನ ಆ ಕಡೆ, ಒಂದ್ ಮೊಳ ದೂರ. ಎದ್ದು ಬಂದು ಒಂದ್ ಬೆರ್ಳು ಇಟ್ಟಿದ್ರೆ ಸಾಕಿತ್ತು. ಕುರ್ಚಿ ಬುಟ್ಟು ಏಳ್ಲಿಲ್ಲ. ಬೆಲ್ಟು, ಮಾತ್ರೆ, ಎಳೆಯೋ ಟ್ರೀಟ್ಮೆಂಟು ಬರ್ದ್ರು. ಮಲಗ್ಸಿ ಸೊಂಟಕ್ಕೆ ಪಟ್ಟಿ ಕಟ್ಟಿ ತೂಕ ಇಳಿಬುಡೋದು. ಓಗಿ ಓಗಿ ನನ್ನ ಎಳೆಸ್ಕೊಂಡು ಬಂದೆ. ಕಾಲು ಅಂಗೇ ಇತ್ತು.

ಊರ್ನಾಗೆ ಇನ್ನೊಂದ್ ಕತೆ. ಚಿನ್ನಕ್ಕ ಬಂದು ಅವ್ವಂಗೆ ಗುಟ್ಟಾಗಿ, "ಡಿಸ್ಕು ಅಂತ ಆಚೆ ಏಳ್ಬೇಡಿ. ಗಂಡು ಸಿಗಲ್ಲ" ಅಂದ್ಳು. ಗುಟ್ಟಾಗಿ ಅಂದ್ರೆ ಬೀದಿಗೆ ಕೇಳೋಷ್ಟು. ಚೂಡಿದಾರ್ ಒಳ್ಗೆ ಬೆಲ್ಟ್ ಕಟ್ಕೊಂಡು, ಬಿಸ್ಲಿನಾಗೆ ಬೆವ್ತು ಕೆರ್ಕೊಂಡು, ಯಾರಾದ್ರೂ ಬಂದ್ರೆ ನೆಟ್ಗೆ ಕೂತ್ಕೊಂಡು, ಏನೂ ಇಲ್ಲ ಅನ್ನೋಳಂಗೆ ನಗ್ತಾ ಇದ್ದೆ. ಅಪ್ಪ ಒಂದೇ ಮಾತಂದ್ರು, "ಓಡಿದ್ದು ಜಾಸ್ತಿ ಆಯ್ತು." ಅದು ಕೆನ್ನೆಗೆ ಒಡ್ದಿದ್ದಕ್ಕಿಂತ ಜಾಸ್ತಿ ಇತ್ತು. ರಾತ್ರಿ ಹಗ್ಲು ಎಲ್ಲಾರೂ ನನ್ನೇ ಬೈಯ್ಯೋರು. ಕೂತಿದ್ದಕ್ಕೆ ಬಂತು ಅಂತ ಡಾಕ್ಟ್ರು, ಓಡಿದ್ದಕ್ಕೆ ಬಂತು ಅಂತ ಅಪ್ಪ. ಇನ್ನ ನಾನೇನು ಗಾಳಿನಾಗೆ ತೇಲ್ಬೇಕಿತ್ತಾ?

ಈಗ ಬರೋದು ನಂಗೆ ಬರಿಯಕ್ಕೇ ಕಷ್ಟ. ಮೇಚೇರಿನಾಗೆ ಒಬ್ರು ವಯಸ್ಸಾದ ಡಾಕ್ಟ್ರಿದ್ರು, ಅಪ್ಪಂಗೆ ಪರಿಚಯ, ಎಲ್ರೂ ದೇವ್ರಂಗೆ ನೋಡೋರು. ಅವ್ರತ್ರ ಓದ್ವಿ, ಅಜ್ಜಿನೂ ಬಂದಿದ್ಳು. ಅವ್ರು ಎಲ್ಲಾ ಕೇಳಿದ್ರು. ನಿಂತ್ರೆ ಓಗ್ತದೆ ಅಂದಿದ್ದನ್ನೂ ಕೇಳಿದ್ರು, ಕೇಳ್ದಾಗ ಕಣ್ಣುಬ್ಬು ಮೇಲೋಯ್ತು. ಕುರ್ಚಿ ಇಂದಕ್ಕೆ ತಳ್ಳಿ ಎದ್ದು ಬಂದ್ರು. ಮಂಡಿ ಊರಿ, ಬೆಳ್ಳಗಿನ ತಲೆ ಬಗ್ಗಿಸಿ, ನನ್ ಪಾದಕ್ಕೆ ಕೈ ಆಕಕ್ಕೆ ಬಂದ್ರು.

ಅಜ್ಜಿ ಕೂಗ್ಬುಟ್ಳು. "ಅಯ್ಯಯ್ಯೋ ಸಾಮೀ! ದೊಡ್ಡೋರು ನೀವು, ಎಳೇ ಉಡ್ಗಿ ಕಾಲ್ ಮುಟ್ಬಾರ್ದು! ಪಾಪ ಸುತ್ಕೊಳ್ತದೆ ನಮ್ಗೆ!"

ಅವ್ವ ನನ್ ಕಾಲ್ನ ಎಳ್ದು ಬೆಂಚಿನ ಕೆಳ್ಗೆ ತಳ್ಳಿದ್ಳು. ನಾನೂ ಮುದುರ್ಕೊಂಡೆ. ನಮ್ ಮೈ ಅದನ್ನ ಕಲ್ತೋಗೈತೆ, ಯೋಚ್ನೆನೇ ಇಲ್ಲ. ದೊಡ್ಡೋರಿಗೆ ಕಾಲ್ ತಗಲಿದ್ರೆ ಮುಟ್ಟಿ ಕಣ್ಗೆ ಒತ್ಕೊಳ್ಳೋ ಜನ ನಾವು, ಅಂತಾ ದೊಡ್ಡೋರು ಬಂದು ನಮ್ ಕಾಲ್ ಇಡೀತೀನಿ ಅಂದ್ರೆ ಸುಮ್ನೆ ಕೊಟ್ಟು ಕೂತ್ಕೋತೀವಾ? ಡಾಕ್ಟ್ರು ನಕ್ರು. "ಸರಿ ಅಜ್ಜೀ, ಮುಟ್ಟಲ್ಲ ಬುಡಿ" ಅಂದು, ಮಂಡಿ ಇಡ್ಕೊಂಡು ಎದ್ದು, "ಸ್ಕ್ಯಾನ್ ಇದ್ರೆ ಕೊಡಿ" ಅಂದ್ರು. ಫಿಲಂನಾಗೆ ಡಿಸ್ಕ್ ಉಬ್ಬಿತ್ತಲ್ಲ. ಅದೇ ಮಾತ್ರೆನೇ ಮುಂದ್ವರ್ಸಿ ಅಂದ್ರು.

ಈಗ ಯಾರ್ ಮೇಲೆ ಕ್ವಾಪ ಮಾಡ್ಕೊಳ್ಳಿ? ಅಜ್ಜಿ ಮೇಲಾ? ಅವ್ಳು ಮರ್ಯಾದೆ ಕೊಟ್ಳು. ಆ ಮರ್ಯಾದೆನಾಗೆ ನನ್ ಕಾಲು ಬೆಂಚಿನ ಕೆಳ್ಗೆ ಓಯ್ತು. ಆದ್ರೆ ಡಾಕ್ಟ್ರು? ಮಗು ಸೂಜಿ ಬೇಡ ಅಂತ ಅತ್ರೆ ಬುಟ್ಬುಡ್ತಾರಾ? ಅಜ್ಜಿ ಬೇಡ ಅಂದ್ರೆ ಮಾತ್ರ ಯಾಕೆ ಬುಟ್ರು?

ಮಳೆ ಮುಗ್ದು ಚಳಿ ಬಂತು. ಕಾಲು ಕೂತಾಗ್ಲೂ ನೋಯಕ್ಕೆ ಶುರುವಾಯ್ತು. ಮಂಚದಿಂದ ಕೆಳ್ಗೆ ಇಳಿಬುಟ್ರೆ ಸೊಲ್ಪ ಪರ್ವಾಇಲ್ಲ, ಮೇಲಿಟ್ರೆ ಬೆಂಕಿ. ಬೆಂಕಿ ಅಂತಾ ನೋವು, ಮುಟ್ಟಿದ್ರೆ ಐಸ್ ಕಡ್ಡಿ. ಅಜ್ಜಿಗೆ ತಡೆಯಕ್ಕೆ ಆಗ್ಲಿಲ್ಲ. "ತಣ್ಗೈತಲ್ಲ, ಕಾಯ್ಸಿದ್ರೆ ಸರಿ ಓಗ್ತದೆ" ಅಂತ ಉಪ್ಪು ಉರ್ದು ಬಟ್ಟೆನಾಗೆ ಗಂಟು ಕಟ್ಟಿ ಪಾದಕ್ಕೆ ಒತ್ತಿದ್ಳು. ಬೆನ್ನಿಗೆ ಶಾಖ ಕೊಡಿ ಅಂತ ಡಾಕ್ಟ್ರೂ ಏಳಿದ್ರಲ್ಲ, ಅಂಗೇ ಕಾಲ್ಗೂ.

"ಸುಡ್ತದಾ ಮಗಾ?"

"ಇಲ್ಲಜ್ಜೀ, ಗೊತ್ತೇ ಆಗಲ್ಲ."

"ಇನ್ನೊಂಚೂರು ಕಾಯ್ಸ್ತೀನಿ ಇರು."

ಬೆಳಿಗ್ಗೆ ನೋಡಿದ್ರೆ ಕಿರುಬೆರ್ಳ ಮೇಲೆ ಬೊಬ್ಬೆ. ಅದು ಒಡೀತು, ಆರ್ಲಿಲ್ಲ. ಓಮಲೂರು ಡಾಕ್ಟ್ರು ಟೇಬಲ್ ಆ ಕಡೆಯಿಂದ್ಲೇ ಕತ್ತು ಚಾಚಿ ನೋಡಿ, "ಸುಟ್ಟ ಗಾಯ, ಆಯಿಂಟ್ಮೆಂಟ್ ಆಕಿ" ಅಂದ್ರು. ಆಕಿದ್ವಿ. ಬೆರ್ಳು ನೀಲಿ ಆಯ್ತು. ಆಮೇಲೆ ಕಪ್ಪಾಯ್ತು, ಒಲೆನಾಗೆ ಸುಟ್ಟ ಬದ್ನೆಕಾಯಿ ತುದಿ ಅಂಗೆ. ಅಪ್ಪ ಅವತ್ತು ಅದನ್ನ ನೋಡಿ ನನ್ನ ಎರಡ್ ಕೈನಾಗೆ ಎತ್ಕೊಂಡ್ರು. ದೊಡ್ಡ ಉಡ್ಗಿನ. ಬೀದಿ ಎಲ್ಲಾ ನೋಡ್ತು. ಕಾರ್ ಮಾಡ್ಕೊಂಡು ಸೇಲಂ ದೊಡ್ಡ ಆಸ್ಪತ್ರೆಗೆ ಓದ್ವಿ.

ಅಲ್ಲಿ ಗಾಯ ನೋಡಕ್ಕೆ ಬಂದೋರು ಒಬ್ರು ಸರ್ಜನ್ ಮೇಡಂ, ಗಟ್ಟಿ ಧ್ವನಿ. ಅವ್ವ ಸ್ಕ್ಯಾನ್ ಕವರ್ ನೀಡಿದ್ಳು, "ಡಿಸ್ಕ್ ಮೇಡಂ." ಮೇಡಂ ಕವರ್ ತಗೊಳ್ಳಲೇ ಇಲ್ಲ. ಬೆಡ್ ಶೀಟ್ ತೆಗ್ದು ನನ್ ಪಾದದ್ ಮೇಲೆ ಎರಡ್ ಬೆರ್ಳು ಇಟ್ರು. ಅವ್ವ "ಮೇಡಂ..." ಅಂತ ಬಾಯ್ ತೆಗ್ದ್ಳು. ನಾನು ಅವ್ಳ ಕೈ ಗಟ್ಯಾಗಿ ಇಡ್ಕೊಂಡೆ. ಸುಮ್ನಿರವ್ವಾ.

ಮೇಡಂ ಬೆರ್ಳು ಜರುಗ್ಸಿದ್ರು. ಗಿಣ್ಣಿನ ಇಂದೆ ಇಟ್ರು. ಮಂಡಿ ಇಂದೆ ಇಟ್ರು. ಕಣ್ಣು ಮುಚ್ಕೊಂಡ್ರು. ಆಮೇಲೆ ಬಲಗಾಲು, ಅಲ್ಲಿ ನಾಡಿ ತಟ್ಟಂತ ಸಿಕ್ತು ಅನ್ಸ್ತದೆ, ತಲೆ ಆಡ್ಸಿದ್ರು. ತಿರ್ಗ ಎಡಗಾಲು. ಒಂದು ಚಿಕ್ ಮೆಷೀನ್ ತರ್ಸಿ, ಜೆಲ್ ಆಕಿ, ಪೆನ್ ಅಂತಾದ್ನ ಪಾದದ್ ಮೇಲೆ ಇಟ್ರು. ಬಲಗಾಲ್ನಾಗೆ ಡುಸುಕ್ ಡುಸುಕ್ ಅಂತ ಜೋರಾಗಿ ಬಂತು. ಎಡಗಾಲ್ನಾಗೆ ಬರೀ ಸ್ಸ್ಸ್ ಅಂತ, ಸ್ಟೇಷನ್ ಸಿಗ್ದ ರೇಡಿಯೋ ಅಂಗೆ.

"ಕಾಲಿಗೆ ರತ್ತ ಓಟ್ಟಂ ಇಲ್ಲ. ರಕ್ತ ಓಗೋ ಕೊಳಾಯಿ ಅಡಚ್ಕೊಂಡೈತೆ," ಅಂದ್ರು. "ಯಾವಾಗಿಂದ ನೋವು?"

"ಮಾವಿನ್ ಕಾಲ್ದಿಂದ ಮೇಡಂ."

"ಇಷ್ಟ್ ದಿವ್ಸ ಯಾರೂ ಮುಟ್ಟಿ ನೋಡ್ಲಿಲ್ವಾ?"

ಅವ್ವ ಅಳಕ್ಕೆ ಶುರು ಮಾಡಿದ್ಳು. "ಒಬ್ರು ಮುಟ್ಟಕ್ಕೆ ಬಂದ್ರು ಮೇಡಂ. ನಾವೇ ಬುಡ್ಲಿಲ್ಲ. ದೊಡ್ಡೋರು ಅಂತ..."

"ನೀವು ಬುಡ್ಲಿಲ್ಲ ಅಂದ್ರೆ ಸುಮ್ನೆ ಓಗೋದಾ? ಮುಟ್ಟೋದು ಅವ್ರ ವೇಲೆ," ಅಂದ್ರು ಮೇಡಂ. ಬೈದ್ರು, ಆದ್ರೆ ಅವ್ವನ್ನ ಅಲ್ಲ. ಅಷ್ಟು ದಿವ್ಸದಾಗೆ ನಮ್ಮನ್ನ ಬೈಯ್ದೆ ಇದ್ದ ಮೊದಲ್ನೇವ್ರು ಅವ್ರೇ.

ಇನ್ನೊಂದ್ ಸ್ಕ್ಯಾನ್ ಆಯ್ತು, ಬಣ್ಣದ ಮದ್ದು ಆಕಿ. ಮಂಡಿ ಇಂದೆ ರಕ್ತನಾಳ ಓಗ್ಬೇಕಾದ ದಾರಿ ಬುಟ್ಟು ಮಾಂಸದ ಪಟ್ಟಿ ಅಡೀಗೆ ನುಸ್ದೈತಂತೆ. ಉಟ್ತಾನೇ ಅಂಗೇ. ನಾನು ಓಡ್ದಾಗೆಲ್ಲಾ ಆ ಮಾಂಸ ಅದನ್ನ ತುಳೀತಿತ್ತು, ನೀರ್ ಬುಟ್ಟಿರೋ ಪೈಪ್ನ ಕಾಲ್ನಾಗೆ ತುಳ್ದಂಗೆ. ತುಳ್ದು ತುಳ್ದು ಒಳ್ಗೆ ರಕ್ತ ಗಡ್ಡೆ ಕಟ್ಟಿ ಮುಚ್ಕೊಂಡ್ಬುಡ್ತು. ಕೂತಿದ್ದೂ ತಪ್ಪಲ್ಲ, ಓಡಿದ್ದೂ ತಪ್ಪಲ್ಲ. ಇದನ್ನ ಕೇಳಿ ನಾನು ನಕ್ಕೆ, ನಂಬ್ತೀರಾ? ಕಾಲ್ ಓಗೋ ಅಂಗಿದ್ದಾಗ ನಕ್ಕೆ. ತಪ್ಪು ನಂದಲ್ಲ!

ಸೈನ್ ಆಕ್ಸೋವಾಗ ಮೇಡಂ ಮುಚ್ಚಿಡ್ಲಿಲ್ಲ. "ಗಡ್ಡೆ ತೆಗೀತೀವಿ, ಆ ಮಾಂಸದ ಪಟ್ಟಿ ಕತ್ರಿಸ್ತೀವಿ, ಅವ್ಳ ಇನ್ನೊಂದ್ ಕಾಲಿಂದ ಒಂದು ನಾಳ ತೆಗ್ದು ಇಲ್ಲಿ ಸೇರಿಸ್ತೀವಿ. ರಕ್ತ ಓಗ್ಲಿಲ್ಲಾಂದ್ರೆ ಮಂಡಿ ಕೆಳ್ಗೆ ಉಳಿಯಲ್ಲ. ತುಂಬ ತಡ ಮಾಡಿ ಬಂದಿದೀರಿ."

ಅಪ್ಪ ಪೆನ್ ಇಡ್ಕೊಂಡು ನಿಂತಿದ್ರು. ಆಮೇಲೆ ಕೇಳಿದ್ರು, "ಅವ್ಳ ಕಾಲಿಂದ ಯಾಕೆ ಮೇಡಂ? ನನ್ ಕಾಲಿಂದ ತಗೊಳ್ಳಿ. ನಂದು ನಡ್ದು ನಡ್ದು ಗಟ್ಯಾಗೈತೆ."

ಮೇಡಂ ಅಂತಾ ಗಟ್ಟಿ ಧ್ವನಿಯೋರೂ ಧ್ವನಿ ಇಳ್ಸಿದ್ರು. "ಅವ್ಳದೇ ಆಗ್ಬೇಕಪ್ಪಾ," ಅಂದ್ರು. ಓಡಿದ್ದು ಜಾಸ್ತಿ ಆಯ್ತು ಅಂದಿದ್ರಲ್ಲ ನಮ್ಮಪ್ಪ, ಅದನ್ನ ನಾನು ಅವತ್ತೇ ಅಳಿಸ್ಬುಟ್ಟೆ.

ಆಪರೇಷನ್ ಬಗ್ಗೆ ನಂಗೆ ಏನೂ ಗೊತ್ತಿಲ್ಲ, ಮಲಗಿದ್ದೆ. ಎದ್ದಾಗ ಮೊದ್ಲು ಕೇಳಿದ್ದು, "ನೋವೈತಾ ಮಗಾ?" ಅಂತ. ಅವ್ವ ಅಲ್ಲ. ನರ್ಸಕ್ಕ. ಡೆಂಕಣಿಕೋಟೆ ಕಡೆಯೋರು, ಅವ್ವ ನಾನು ಮಾತಾಡೋದು ಕೇಳಿ ನಮ್ ಮಾತೇ ಅಂತ ಗುರ್ತು ಇಡ್ದಿದ್ರಂತೆ. ಅಷ್ಟ್ ದಿವ್ಸ ನೋವ್ನ ತಮಿಳ್ನಾಗೆ ಏಳಿ ಏಳಿ, ಅದು ಯಾರ್ದೋ ನೋವು ಅನ್ಸ್ಬುಟ್ಟಿತ್ತು ನಂಗೆ. ನಮ್ ಮಾತ್ನಾಗೆ ಕೇಳಿದ್ ಕೂಡ್ಲೇ ಬಿಕ್ಕಿ ಬಿಕ್ಕಿ ಅತ್ತೆ. "ಐತಕ್ಕಾ," ಅಂದೆ. "ಕಾಲ್ ಐತಾ ಅಕ್ಕಾ?"

ಅಕ್ಕ ಆ ಮೆಷೀನ್ ತಂದು ಪಾದಕ್ಕೆ ಇಟ್ರು. ಮೊದ್ಲು ಸ್ಸ್ಸ್ ಅಂತು. ನನ್ ಜೀವ ಓಯ್ತು. ಅಕ್ಕ ಪೆನ್ ಸೊಲ್ಪ ಜರುಗ್ಸಿದ್ರು.

ಡುಸುಕ್. ಡುಸುಕ್. ಡುಸುಕ್.

ಬಾಗ್ಲು ಆಚೆ ನಿಂತಿದ್ದ ಅಜ್ಜಿ ಕೇಳಿದ್ಳು, "ಅದೇನ್ ಸದ್ದು?" ಅವ್ವ ಒಳ್ಗಿಂದ್ಲೇ ಕೂಗಿದ್ಳು, "ನಿನ್ ಮೊಮ್ಮಗ್ಳ ಕಾಲ್ ಕಣವ್ವಾ, ಮಾತಾಡ್ತೈತೆ!"

ಕಿರುಬೆರ್ಳು ಉಳೀಲಿಲ್ಲ. ತೆಗ್ದ್ರು. ಪೋಲೀಸ್ ಓಟನೂ ಓಯ್ತು, ಆ ನಾಳಕ್ಕೆ ಅಷ್ಟು ಜೋರು ಓಟ ಬೇಡ ಅಂದ್ರು ಮೇಡಂ. ರಕ್ತ ತೆಳ್ಳಗಾಗೋ ಮಾತ್ರೆ ದಿವ್ಸಾ ನುಂಗ್ತೀನಿ. ಎಲ್ರೂ "ಕಾಲ್ ಉಳೀತಲ್ಲ, ಅದೇ ದೊಡ್ದು" ಅಂತಾರೆ. ಔದು, ದೊಡ್ದೇ. ಆದ್ರೆ ಮೊದಲ್ನೇ ದಿವ್ಸ ಓಮಲೂರ್ನಾಗೆ ಒಬ್ರು ಪಾದ ಮುಟ್ಟಿದ್ರೆ ಬೆರ್ಳೂ ಇರ್ತಿತ್ತಲ್ಲ? ಬೇಗ ಬಂದಿದ್ರೆ ಇಷ್ಟು ಕೊಯ್ಯೋ ಅಂಗೇ ಇರ್ಲಿಲ್ಲ ಅಂತ ಮೇಡಮ್ಮೇ ಏಳಿದ್ರು. ಇದನ್ನ ಕೇಳಿದ್ರೆ "ಉಡ್ಗಿಗೆ ಬಾಯಿ ಜಾಸ್ತಿ" ಅಂತಾರೆ. ಜಾಸ್ತಿನೇ. ಬಾಯಿ ಕಮ್ಮಿ ಇದ್ದಾಗ ಏನಾಯ್ತು ನೋಡಿದ್ರಲ್ಲ.

ನಡೆಯಕ್ಕೆ ಬಂದ್ಮೇಲೆ ನಾನೇ ಬಸ್ ಅತ್ಕೊಂಡು ಓಮಲೂರಿಗೆ ಓದೆ, ಡಿಸ್ಚಾರ್ಜ್ ಕಾಗ್ದ ಇಡ್ಕೊಂಡು. ಅವ್ವ ಬೇಡ ಅಂದ್ಳು, "ದೊಡ್ಡೋರ್ತಾವ ಜಗಳ ಬೇಡ್ವೇ." ಜಗಳ ಅಲ್ಲವ್ವಾ, ಏಳ್ಬುಟ್ಟು ಬರ್ತೀನಿ ಅಂದೆ. ಅವ್ಳೂ ಇಂದೆನೇ ಬಂದ್ಳು.

ಅದೇ ಬೆಂಚು, ಅದೇ ಬೆಲ್ಟುಗಳು. ನನ್ ಸರದಿಗೆ ಒಳ್ಗೆ ಓಗಿ ಕಾಗ್ದ ಕೊಟ್ಟೆ. ಡಾಕ್ಟ್ರು ಓದಿದ್ರು. ಮಡಿಚಿ ಟೇಬಲ್ ಮೇಲೆ ಇಟ್ರು.

"ಇದು ತುಂಬ ಅಪರೂಪಮ್ಮಾ," ಅಂದ್ರು. "ಯಾರಿಗೂ ಗೊತ್ತಾಗಲ್ಲ. ಡಿಸ್ಕೂ ಇತ್ತಲ್ಲ ನಿಂಗೆ."

"ಮುಟ್ಟಿದ್ರೆ ಗೊತ್ತಾಗ್ತಿತ್ತು ಸಾರ್."

"ದಿವ್ಸಕ್ಕೆ ಎಷ್ಟ್ ಜನ ಬರ್ತಾರೆ ಗೊತ್ತಾ?"

ಆಚೆ ಬೆಂಚಿನ ಮೇಲೆ ಒಬ್ರು ಕೂತಿದ್ರು, ಲಾರಿ ಡ್ರೈವರಣ್ಣ. ಕಾಯೋವಾಗ ಮಾತಾಡಿದ್ವಿ. ಅವ್ರಿಗೂ ಕಾಲ್ ನೋವು, ಮೊದಲ್ನೇ ಸಲ ಬಂದವ್ರೆ. ನಂಗೆ ಏನಾಯ್ತೋ, ಬಾಗ್ಲು ತೆಗ್ದು, "ಅಣ್ಣಾ, ಬನ್ನಿ ಒಳ್ಗೆ" ಅಂದೆ. ಪಾಪ, ಅವ್ರು ಸರದಿ ಬಂತೇನೋ ಅಂತ ಎದ್ದು ಬಂದ್ಬುಟ್ರು.

"ಸಾರ್, ಇವ್ರ ಕಾಲ್ ಮುಟ್ಟಿ ನೋಡಿ."

"ಏನಮ್ಮಾ ಇದು?" ಅಂದ್ರು ಡಾಕ್ಟ್ರು. "ನೀನು ನಂಗೆ ಏಳ್ಕೊಡ್ತೀಯಾ?"

"ನಾನ್ ಏಳ್ಕೊಡಲ್ಲ ಸಾರ್. ಕೇಳ್ಕೋತಾ ಇದೀನಿ."

ಡ್ರೈವರಣ್ಣ ಗಾಬ್ರಿ ಬಿದ್ದು ಕಾಲ್ನ ಇಂದಕ್ಕೆ ಎಳ್ಕೊಂಡ್ರು. "ಅಯ್ಯೋ ಬೇಡ ಸಾರ್, ದೂಳು ಕಾಲು. ನೀವ್ ಯಾಕೆ ಸಾರ್..."

ಆಗ ಅವ್ವ ಮುಂದೆ ಬಂದ್ಳು. "ಕಾಲ್ ನೀಡಪ್ಪಾ," ಅಂದ್ಳು. "ಪಾಪ ಬಂದ್ರೆ ನಂಗೆ ಬರ್ಲಿ."

ಅಣ್ಣ ಚಪ್ಲಿ ಬಿಚ್ಚಿ ಕಾಲ್ ನೀಡಿದ್ರು. ಬಾಗ್ಲು ತೆಗ್ದೇ ಇತ್ತು, ಬೆಂಚಿನ್ ಮೇಲಿದ್ದೋರೆಲ್ಲಾ ನೋಡ್ತಾ ಇದ್ರು. ಡಾಕ್ಟ್ರು ನನ್ನ ನೋಡಿದ್ರು, ಅವ್ರನ್ನ ನೋಡಿದ್ರು. ಕುರ್ಚಿ ಕಿರ್ ಅಂತು. ಎದ್ರು. ಟೇಬಲ್ ಸುತ್ಕೊಂಡು ಬಂದು ಬಗ್ಗಿ, ಆ ದೂಳು ಪಾದದ್ ಮೇಲೆ ಬೆರ್ಳು ಇಟ್ರು.

"ನಾಡಿ ಬಡೀತಾ ಐತೆ," ಅಂದ್ರು. ಇನ್ನೊಂದ್ ಕಾಲೂ ನೋಡಿದ್ರು. "ಎರಡೂ ಚೆನ್ನಾಗಿ ಬಡೀತಾ ಐತೆ."

"ಸರಿ ಸಾರ್," ಅಂದೆ. "ಇನ್ನ ಬೇಕಾದ್ರೆ ಡಿಸ್ಕು ಅನ್ನಿ."